ಸೂಗಮ್ಮನ ಮನೆಯಲ್ಲಿ ಕೂರದ ಕರ್ನಲ್

ನಮ್ಮ ಅಣ್ಣ ವಿಠ್ಠಲ ಸೈನ್ಯದಿಂದ ಬ್ರಿಗೇಡಿಯರ್ ಆಗಿ ನಿವೃತ್ತನಾದವನು. ಆದರೆ ಸೇಡಂನಲ್ಲಿ ಅವನು ಇಂದಿಗೂ ಕರ್ನಲ್ ಸಾಬ್. ಬ್ರಿಗೇಡಿಯರ್ ಎಂಬ ಶಬ್ದ ನಮ್ಮ ಜನರ ನಾಲಿಗೆಗೆ ಒಗ್ಗಲೇ ಇಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಕಿರಾಣಿ ಅಂಗಡಿ ಇಟ್ಟಿರುವ ಮುಜೀಬನನ್ನು ಒಮ್ಮೆ ನಾನೇ ತಿದ್ದಲು ಹೋಗಿದ್ದೆ. "ಟೀಚರ್‌ಬಾಯಿ, ಪ್ರಮೋಷನ್ ಸರ್ಕಾರ ಕೊಟ್ಟಿರಬಹುದು, ನಾವಿನ್ನೂ ಕೊಟ್ಟಿಲ್ಲ," ಎಂದು ಬೆಲ್ಲ ತೂಗುತ್ತಲೇ ನನ್ನ ಬಾಯಿ ಮುಚ್ಚಿಸಿದ.

ನಾನು ವಂದನಾ, ವಿಠ್ಠಲನ ತಂಗಿ. ಸೇಡಂನ ಹೈಸ್ಕೂಲಿನಲ್ಲಿ ಕಾಲ ಸವೆಸಿ ನಿವೃತ್ತಳಾದೆ. ಅತ್ತಿಗೆ ತೀರಿಕೊಂಡ ಮೇಲೆ ಅಣ್ಣ ಒಂದು ಕಬ್ಬಿಣದ ಟ್ರಂಕು ಹಿಡಿದುಕೊಂಡು ನನ್ನ ಮನೆಗೇ ಬಂದ. ಅವನ ಮೇಲೆ ನನಗೆ ದೂರು ಒಂದೇ. ಆ ಮನುಷ್ಯ ಕೂರುವುದಿಲ್ಲ. ಶಹಾಬಾದ್ ಕಲ್ಲು ಹಾಸಿದ ಪಡಸಾಲೆಯಲ್ಲಿ ಬಾಗಿಲಿನಿಂದ ತುಳಸಿಕಟ್ಟೆ, ತುಳಸಿಕಟ್ಟೆಯಿಂದ ಬಾಗಿಲು. ಚಹಾ ಕುಡಿಯುವುದು ನಿಂತೇ, ಪೇಪರ್ ಓದುವುದು ನಡೆಯುತ್ತಲೇ. ಹಬ್ಬದ ದಿನ ಎಲೆಯ ಮುಂದೆ ಕುಳಿತರೂ ಸಾರು ಬರುವಷ್ಟರಲ್ಲಿ ಎದ್ದಿರುತ್ತಾನೆ. ಕೊನೆಗಾಲದಲ್ಲಿ ನಮ್ಮ ತಾಯಿ ಅನಸೂಯಾಬಾಯಿ, ಅವನು ರಜೆಗೆ ಬಂದಾಗಲೆಲ್ಲ ಇದಕ್ಕಾಗಿ ಬೈಯುತ್ತಿದ್ದಳು. "ಕುದುರಿ ನಿಂತು ತಿಂತದ, ಖರೆ. ಆದ್ರ ಕುದುರಿಗೆ ಯಾರೂ ಜನಿವಾರ ಹಾಕಿಲ್ಲ," ಎನ್ನುತ್ತಿದ್ದಳು.

ಮಳಖೇಡದಲ್ಲಿರುವ ಯತಿ ಟೀಕಾರಾಯರ ಬೃಂದಾವನಕ್ಕೆ ನಮ್ಮ ಮನೆತನದವರ ಸೇವೆ. ಅಪ್ಪ ಬೆಳಗ್ಗೆ ಮಠದಲ್ಲಿ, ಆಮೇಲೆ ಶಾಲೆಯಲ್ಲಿ. ಅಂಥ ಮನೆಯ ಹುಡುಗ ಸೈನ್ಯಕ್ಕೆ ಹೋಗುತ್ತೇನೆಂದಾಗ ಅಪ್ಪ ಬಾವಿಗೆ ಹೋಗಿ ಇನ್ನೊಮ್ಮೆ ಸ್ನಾನ ಮಾಡಿ ಬಂದರು. ವಾಡಿ ಜಂಕ್ಷನ್‌ನಲ್ಲಿ ರೈಲು ಹೊರಡುವ ಹೊತ್ತಿಗೆ ಅಮ್ಮ ಕಿಟಕಿಯ ಸರಳು ಹಿಡಿದು ಅವನಿಗೆ ಒಂದೇ ಉಪದೇಶ ಮಾಡಿದಳು. "ಗುಂಡು ಬಂದ್ರ ತಲಿ ಬಗ್ಗಸು, ತತ್ತಿ ಬಂದ್ರ ಬಾಯಿ ಮುಚ್ಚು." ಎರಡನೆಯದನ್ನು ಅವನು ಕೊನೆಯವರೆಗೂ ಪಾಲಿಸಿದ. ಮೊದಲನೆಯದನ್ನು ಪಾಲಿಸಿದಂತೆ ಕಾಣಲಿಲ್ಲ. ಪಂಜಾಬ, ಲಂಕೆ, ನಾಗಾಲ್ಯಾಂಡ್ ಸುತ್ತಿದ. ಎಲ್ಲಿ ಗದ್ದಲವೋ ಅಲ್ಲಿಗೆ ಅವನ ವರ್ಗಾವಣೆ. ಕಾರ್ಗಿಲ್ ಯುದ್ಧ ಹತ್ತಿಕೊಂಡಾಗ ಅವನು ಕರ್ನಲ್, ಒಂದು ಪಡೆಯ ಮುಖ್ಯಸ್ಥ. ಅಲ್ಲಿಂದ ಒಂದು ಪದಕ ತಂದ, ಒಂದು ಕಿವಿ ಕಳೆದುಕೊಂಡು ಬಂದ. ಈಗಲೂ ಫೋನು ಸ್ಪೀಕರಿಗೆ ಹಾಕಿಯೇ ಮಾತಾಡುತ್ತಾನೆ. ಹೀಗಾಗಿ ಅವನ ಗುಟ್ಟುಗಳು ನನಗೂ ಗೊತ್ತು, ಬೀದಿಗೂ ಗೊತ್ತು. ಹಾಗೆಂದೇ ನಾನು ತಿಳಿದಿದ್ದೆ.

ಆ ಯುದ್ಧದಲ್ಲಿ ಅವನ ಜೊತೆಗೆ ನಮ್ಮ ಕಡೆಯ ಹುಡುಗ ಒಬ್ಬನಿದ್ದ. ಹೆಸರು ಬಸವಲಿಂಗ, ಊರು ಗುಂಡಗುರ್ತಿ, ಒಕ್ಕಲುತನದ ಮನೆಯವನು. ಕರ್ನಲ್ ಎಲ್ಲಿ ಹೋದರೂ ರೇಡಿಯೋ ಸೆಟ್ಟು ಬೆನ್ನಿಗೆ ಕಟ್ಟಿಕೊಂಡು ಹಿಂದೆ ನಡೆಯುವುದು ಅವನ ಕೆಲಸ. ಸುತ್ತ ಹಿಂದಿ, ಪಂಜಾಬಿ. ನಡುವೆ ಒಬ್ಬ "ಸಾಬ್, ಚಾ ಕುಡೀತೀರೇನ್ರಿ" ಎಂದರೆ ಬೆಟ್ಟದ ಚಳಿಯೇ ಒಂಚೂರು ಇಳಿಯುತ್ತಿತ್ತಂತೆ. ಇದನ್ನು ಅಣ್ಣ ಒಮ್ಮೆ ಮಾತ್ರ ಹೇಳಿದ್ದ. ಯುದ್ಧದ ಬಗ್ಗೆ ಅವನು ನನಗೆ ಹೇಳಿದ್ದೇ ಅಷ್ಟು.

ಬಸವಲಿಂಗ ಅಲ್ಲಿಯೇ ತೀರಿಕೊಂಡ. ಹೈದರಾಬಾದಿನಿಂದ ಅವನ ಶವದ ಪೆಟ್ಟಿಗೆ ಹೊತ್ತ ಸೈನ್ಯದ ಲಾರಿ ಸೇಡಂ ಮೇಲೆಯೇ ಹಾದುಹೋಯಿತು. ನಾನು ನನ್ನ ಶಾಲೆಯ ಹುಡುಗಿಯರನ್ನು ರಸ್ತೆಯ ಬದಿಗೆ ಸಾಲಾಗಿ ನಿಲ್ಲಿಸಿದ್ದೆ. ಮಳೆ ಹನಿಯುತ್ತಿತ್ತು. ಹುಡುಗಿಯರು ಅಳುತ್ತ ಹೂ ಎಸೆದರು, ನಾನೂ ಎಸೆದೆ.

ಗುಂಡಗುರ್ತಿಯಲ್ಲಿ ನಡೆದದ್ದು ನನಗೆ ತಿಳಿದದ್ದು ಆಮೇಲೆ. ಬಸವಲಿಂಗನ ಮನೆಯವರು ಲಿಂಗವಂತರು. ಅವರಲ್ಲಿ ಸತ್ತವರನ್ನು ಮಲಗಿಸಿ ಹೂಳುವ ಪದ್ಧತಿಯಿಲ್ಲ. ಚೌಕದ ಕುಣಿ ತೋಡಿ, ಒಳಗೆ ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ತುಂಬಿ ಮಣ್ಣು ಮಾಡುತ್ತಾರೆ. ಊರ ಅಯ್ಯನವರು ರೇವಣಸಿದ್ದಯ್ಯ ತಾವೇ ಮುಂದೆ ನಿಂತು ಹೊಲದ ಬದುವಿನಲ್ಲಿ ಚೌಕದ ಕುಣಿ ತೋಡಿಸಿದ್ದರು. ಬಂದದ್ದು ಉದ್ದನೆಯ ಪೆಟ್ಟಿಗೆ. ಮೊಳೆ ಬಡಿದಿತ್ತು, ತೆರೆಯಬಾರದೆಂಬ ಆಜ್ಞೆಯಿತ್ತು, ಆಜ್ಞೆಯ ಕೆಳಗೆ ಕರ್ನಲ್ ಸಾಹೇಬರ ಸಹಿ ಇತ್ತು. ನೆರೆದ ಜನರ ಕಣ್ಣೆದುರೇ ಗುದ್ದಲಿ ಹಿಡಿದು ಕುಣಿಯನ್ನು ಉದ್ದ ಮಾಡಬೇಕಾಯಿತು. ಆ ಗುದ್ದಲಿಯ ಸಪ್ಪಳ ಮುಗಿದ ಮೇಲೂ ಬಸವಲಿಂಗನ ತಾಯಿ ಸೂಗಮ್ಮ ಒಂದು ಹನಿ ಕಣ್ಣೀರು ಹಾಕಲಿಲ್ಲವಂತೆ.

ಯುದ್ಧ ಮುಗಿದು ರಜೆಗೆ ಬಂದವನೇ ಅಣ್ಣ ಅವಳ ಮನೆಗೆ ಹೋದ. ಅವಳು ಕಂಬಳಿ ಹಾಸಿದ್ದಳು. ಅವನು ಇನ್ನೇನು ಕೂರಬೇಕು, ಅವಳು ಕೇಳಿದಳು.

"ನನ್ನ ಮಗನ್ನ ನೀವು ಕೂಡಸ್ಲಿಲ್ಲ. ನನ್ನ ಮನ್ಯಾಗ ನೀವು ಹ್ಯಾಂಗ ಕುಂದ್ರತೀರಿ?"

ಅವನು ಕೂರಲಿಲ್ಲ. ಅಂದಿನಿಂದ ವರ್ಷಕ್ಕೊಮ್ಮೆ, ಬಸವಲಿಂಗ ಸತ್ತ ದಿನ, ಎಲ್ಲಿದ್ದರೂ ಬರುತ್ತಿದ್ದ. ಅವಳು ನೀರು ಕೊಡುತ್ತಾಳೆ, ಜೋಳದ ರೊಟ್ಟಿ ಕೊಡುತ್ತಾಳೆ, ಮಾತೂ ಆಡುತ್ತಾಳೆ. ಕುಂದ್ರಿ ಅನ್ನುವುದಿಲ್ಲ. ಬ್ರಿಗೇಡಿಯರ್ ಸಾಹೇಬ ಪಡಸಾಲೆಯ ಕಂಬಕ್ಕೆ ಒರಗಿ ನಿಂತೇ ರೊಟ್ಟಿ ತಿಂದು ಬರುತ್ತಾನೆ. ಮುದುಕಿಯದು ಅತಿಯಾಯಿತು ಎಂದು ನನಗೆ ಸಿಟ್ಟು ಬರುತ್ತಿತ್ತು. ಹೇಳಿಯೂ ಹೇಳಿದ್ದೆ. "ನಿನಗ ತಿಳಿಯಂಗಿಲ್ಲ ವಂದೂ," ಎಂದು ಹೇಳಿ ಅವನು ಮತ್ತೆ ತುಳಸಿಕಟ್ಟೆಯ ಕಡೆಗೆ ನಡೆಯುತ್ತಿದ್ದ.

ಮೊನ್ನೆ ಇಪ್ಪತ್ತೈದರ ಮೇ ತಿಂಗಳಲ್ಲಿ ಗಡಿಯಲ್ಲಿ ಮತ್ತೆ ಗುಂಡಿನ ಸದ್ದು ಎದ್ದಿತಲ್ಲ, ನಮ್ಮ ಮನೆಯಲ್ಲಿ ಅದಕ್ಕಿಂತ ಮೊದಲೇ ಎದ್ದಿತು. ಟಿವಿಯಲ್ಲಿ ಕೋಟು ತೊಟ್ಟವರು ಕಿರುಚುವುದು, ಅಣ್ಣ ಅದರ ಮುಂದೆ ಅಡ್ಡಾಡುವುದು. ಆರಿಸಿದರೆ ಹಾಕುತ್ತಾನೆ, ಹಾಕಿದರೆ ಬೈಯುತ್ತಾನೆ. ಚಿತ್ತಾಪುರದಿಂದ ಯಾರೋ ಕೇಬಲ್ ಚಾನೆಲ್‌ನವರು ಬಂದು ಸೋಫಾದಲ್ಲಿ ಕುಳಿತು ಎರಡು ಮಾತು ಹೇಳಿ ಎಂದರು. ನಿಂತಲ್ಲೇ ಆಗುವುದಿಲ್ಲ ಅಂದ. ಊಟ ಅರ್ಧಕ್ಕೆ, ನಿದ್ದೆ ಅದಕ್ಕಿಂತ ಕಡಿಮೆ. ಗಲ್ಲಿಯ ಜನ ಬಂದು "ಸಾಬ್, ಯುದ್ಧ ಆಗ್ತದೇನ್ರಿ" ಎಂದು ಕೇಳಿದರೆ, "ಆದ್ರ ನಿಮಗೇನು ಬೇಕಾಗೇದ?" ಎಂದು ತಿರುಗಿ ಕೇಳುತ್ತಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡ ಈ ಮನುಷ್ಯನ ಹಿಂದೆ ನನಗೂ ನೆಲೆ ನಿಲ್ಲದಂತಾಗಿತ್ತು. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದೆ.

ಅಂಥದೊಂದು ಬೆಳಗ್ಗೆ ಗುಂಡಗುರ್ತಿಯಿಂದ ರೇವಣಸಿದ್ದಯ್ಯನವರ ಫೋನು ಬಂತು. ಅಣ್ಣ ಎಂದಿನಂತೆ ಸ್ಪೀಕರಿಗೆ ಹಾಕಿ ಅಡ್ಡಾಡುತ್ತಲೇ ಮಾತಾಡಿದ.

"ಕರ್ನಲ್ ಸಾಬ್, ಸೂಗವ್ವ ಹಟ ಹಿಡದಾಳ್ರಿ," ಎಂದರು ಅಯ್ಯನವರು. "ಟಿವಿ ನೋಡಿ ನೋಡಿ ತಲಿ ಕೆಟ್ಟದ ಆಕಿಗಿ. ಮತ್ತ ಪೆಟ್ಟಿಗಿ ಬರ್ತಾವ, ಅದಕ್ಕ ಮೊದ್ಲ ನನ್ನ ಮಗನ್ನ ಎಬ್ಬಿಸಿ ಕೂಡಸ್ತೀನಿ ಅನ್ನಲಾಕತ್ತಾಳ. ಸೋಮವಾರ ಕುಣಿ ತೆಗಸೋದಂತ. ಎಲುಬರೇ ಇರ್ತಾವಲ್ಲ, ಅವನ್ನೇ ಕೂಡಸ್ರಿ ಅಂತಾಳ. ತಾನು ಸತ್ರ ಬಾಜೂಕ ಕೂಡಸ್ಬೇಕಂತ. ನಾನೂ ಹೂಂ ಅಂದೀನಿ. ಆದ್ರ ತೆರೀಬಾರದು ಅಂತ ನಿಮ್ಮ ಸಹಿ ಇತ್ತಲ್ರಿ. ನೀವೊಂದು ಹೂಂ ಅಂದ್ರ ಮುಗೀತು."

ಅಣ್ಣ ನಾಳೆ ಬಂದು ಮಾತಾಡುತ್ತೇನೆ ಎಂದು ಫೋನಿಟ್ಟ. ಇಟ್ಟವನು ಪಡಸಾಲೆಯ ನಡುವೆ ನಿಂತುಬಿಟ್ಟ. ಅಡ್ಡಾಡಲಿಲ್ಲ. ನನಗೆ ಹೆದರಿಕೆಯಾದದ್ದು ಆಗಲೇ.

"ಆ ಪೆಟ್ಟಿಗಿಯೊಳಗ ಬಸವಲಿಂಗ ಇಲ್ಲ, ವಂದೂ," ಎಂದ.

ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅವನು ಗೋಡೆಯನ್ನೇ ನೋಡುತ್ತ ಹೇಳಿದ. ಹುಡುಗ ಬೆಟ್ಟದ ಕೆಳಗೆ ಸಿಕ್ಕಿಬಿದ್ದ, ತೆಗೆಯಲಾಗಲಿಲ್ಲ. ಪೆಟ್ಟಿಗೆಯಲ್ಲಿ ಅವನ ಒಂದು ಜೊತೆ ಸಮವಸ್ತ್ರ, ಒಂದು ಕಂಬಳಿ, ಭಾರಕ್ಕೆ ಅಲ್ಲಿಯದೇ ಕಲ್ಲು ಮಣ್ಣು. ತುಂಬಿದವನು ಅಣ್ಣನೇ. ಮೇಲಿನವರಿಗೂ ಗೊತ್ತಿಲ್ಲ. ಜೊತೆಗಿದ್ದ ಸುಬೇದಾರ ತೀರಿಕೊಂಡು ಎಷ್ಟೋ ವರ್ಷವಾಗಿದೆ.

"ತಾಯಿಗೆ ಏನೂ ಇಲ್ಲ ಅಂತ ಹ್ಯಾಂಗ ಕಳಸೋದು? ಅಳಲಿಕ್ಕರ ಒಂದು ಜಾಗಾ ಇರಲಿ ಅಂದೆ."

ನನಗೆ ಮೈಯೆಲ್ಲ ಉರಿಯಿತು. ಮಳೆಯಲ್ಲಿ ನಿಂತ ನನ್ನ ಹುಡುಗಿಯರು ನೆನಪಾದರು. "ಕಲ್ಲಿಗೆ ಹೂ ಹಾಕಿಸಿದಿ ನಮ್ಮ ಕೈಲೆ," ಎಂದೆ. "ವರ್ಷಾ ವರ್ಷಾ ಹೋಗಿ ಅದೇ ಕಲ್ಲಿಗೆ ಸೆಲ್ಯೂಟ್ ಹೊಡದು ಬಂದಿ."

"ಸೋಮವಾರ ಆಕಿ ಆ ಕಲ್ಲು ನೋಡ್ತಾಳ."

"ನೋಡಬಾರದೇನು?"

"ತೆರೀಲಿಕ್ಕೆ ಕಾಯ್ದೆ ಇಲ್ಲ ಅಂತ ನಾ ಒಂದು ಮಾತು ಹೇಳಿದ್ರ ಸಾಕು, ಅಯ್ಯನವರು ಕೇಳ್ತಾರ. ಪೆಟ್ಟಿಗಿ ಅಲ್ಲೇ ಇರ್ತದ. ಆಕಿಗೆ ಇನ್ನೆಷ್ಟು ದಿನ ಉಳದಾವ."

"ಹೇಳು ಮತ್ತ," ಎಂದೆ. "ಮೊದಲಿನ ಸುಳ್ಳು ಒಂದೇ ಕೂತು ಕೂತು ಬ್ಯಾಸತ್ತದ. ಅದಕ್ಕೊಂದು ಜೋಡಿ ಮಾಡು."

ಅವನು ಮತ್ತೆ ಅಡ್ಡಾಡತೊಡಗಿದ. ಆ ದಿನವೆಲ್ಲ ಅವನ ಚಪ್ಪಲಿಯ ಸಪ್ಪಳ ನನ್ನ ತಲೆಯೊಳಗೇ ನಡೆಯುತ್ತಿತ್ತು. ಗುಂಡಿಗೆ ಹೆದರದವನು ಮುದುಕಿಗೆ ಹೆದರುತ್ತಾನಲ್ಲ ಎಂದು ಸಿಟ್ಟು ಬಂತು. ಮಗನನ್ನು ಕೂಡಸ್ಲಿಲ್ಲ ಎಂದು ಮುದುಕಿ ಅಂದ ದಿನವೇ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಅವನನ್ನು ಕೇಳಲಿಲ್ಲ. ಕೇಳಿದ್ದರೆ ಅವನೂ ಅದನ್ನೇ ಕೇಳಿಕೊಳ್ಳುತ್ತಿದ್ದಾನೆಂದು ಗೊತ್ತಾಗುತ್ತಿತ್ತು, ಅಷ್ಟೆ.

ಮರುದಿನ ಬೆಳಗ್ಗೆ ನಾನೂ ಕಾರು ಹತ್ತಿದೆ. ಬೇಡ ಅಂದ, ಕೇಳಲಿಲ್ಲ. ಸಿಮೆಂಟ್ ಲಾರಿಗಳ ಹಿಂದೆ ದೂಳು ಕುಡಿಯುತ್ತ ಮಳಖೇಡಕ್ಕೆ ಬಂದೆವು. ಆ ದಾರಿಯಲ್ಲಿ ಹೋದಾಗ ಬೃಂದಾವನಕ್ಕೆ ಪ್ರದಕ್ಷಿಣೆ ಹಾಕದೆ ಅವನು ಮುಂದೆ ಹೋದವನಲ್ಲ. ಅಂದು ಕಾಗಿಣಾ ಹೊಳೆಯ ಹತ್ತಿರ ಕಾರು ಒಂದು ಕ್ಷಣ ನಿಧಾನ ಮಾಡಿದ, ಇಳಿಯಲಿಲ್ಲ.

"ನಮ್ಮೊಳಗ ಸ್ವಾಮಿಗೋಳನ್ನಷ್ಟೇ ಕೂಡಸ್ತಾರ," ಎಂದ. "ಉಳದವರನ್ನ ಸುಟ್ಟುಬಿಡ್ತೀವಿ. ಅವರೊಳಗ ಎಲ್ಲಾರನೂ ಕೂಡಸ್ತಾರ."

ಕಾರು ಗುಂಡಗುರ್ತಿಯ ದಾರಿ ಹಿಡಿಯಿತು. ಹೇಳುತ್ತಾನೋ, ಕಾಯ್ದೆಯ ಮಾತೆತ್ತಿ ತಪ್ಪಿಸಿಕೊಳ್ಳುತ್ತಾನೋ ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಲ್ಲ ಎಂದು ಕಾಣುತ್ತದೆ.

ಸೂಗಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಬೆನ್ನು ಬಾಗಿದೆ, ಕಣ್ಣು ಮಾತ್ರ ಚೂಪು. ರೇವಣಸಿದ್ದಯ್ಯನವರೂ ಬಂದು ಕಾಯುತ್ತಿದ್ದರು. "ಬರ್ರಿ ಸಾಬ್," ಎಂದಳು ಸೂಗಮ್ಮ. ನನಗೆ, "ಬಾಯಾರೆ, ಕುಂದ್ರಿ." ನಾನು ಕುಳಿತೆ. ಅಣ್ಣ ತನ್ನ ಕಂಬದ ಹತ್ತಿರ ಹೋಗಿ ನಿಂತ. ಆ ಕಂಬದ ಬಣ್ಣ ಅವನ ಹೆಗಲಿನ ಎತ್ತರಕ್ಕೆ ಸವೆದಿದ್ದನ್ನು ನಾನು ನೋಡಿದೆ.

"ಸೋಮವಾರ ತೆಗಸ್ತೀನ್ರಿ," ಎಂದಳು ಅವಳು, ಬೇಳೆಯಲ್ಲಿಯ ಕಲ್ಲು ಆರಿಸುತ್ತಲೇ. "ನಿಮ್ಮ ಸಹಿಗಿ ಭಾಳ ವರ್ಷ ಮರ್ಯಾದಿ ಕೊಟ್ಟೀನಿ. ಇನ್ನ ಸಾಕು."

ಅಣ್ಣ ಗಂಟಲು ಸರಿಮಾಡಿಕೊಂಡ. "ಅವ್ವಾ, ಅದಕ್ಕೊಂದು ಕಾಯ್ದೆ..." ಎಂದವನು ಅಲ್ಲಿಗೇ ನಿಂತ. ನಾನು ಅವನ ಮುಖ ನೋಡಲಿಲ್ಲ, ಮೊರವನ್ನೇ ನೋಡುತ್ತಿದ್ದೆ. ಹೊರಗೆ ಯಾರೋ ಎತ್ತಿಗೆ ನೀರು ಕುಡಿಸುತ್ತಿದ್ದರು. ಕೊನೆಗೆ ಅವನು, "ತೆರೀಬ್ಯಾಡವ್ವ, ಅದರೊಳಗ ಬಸವಲಿಂಗ ಇಲ್ಲ," ಎಂದ.

ಮೊರ ನಿಂತಿತು.

ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿದ. ಸಮವಸ್ತ್ರ, ಕಂಬಳಿ, ಕಲ್ಲು. ಒಂದನ್ನೂ ಬಿಡಲಿಲ್ಲ. ಅಯ್ಯನವರು "ಶಿವ ಶಿವಾ" ಎಂದು ಕಣ್ಣು ಮುಚ್ಚಿಕೊಂಡರು. ಸೂಗಮ್ಮ ಅಳುತ್ತಾಳೆ, ಮೊರ ಎತ್ತಿ ಒಗೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ.

"ಮತ್ತ ಎಲ್ಲಿದ್ದಾನ?" ಎಂದು ಕೇಳಿದಳು.

"ಬೆಟ್ಟದಾಗ. ಕಲ್ಲು ಒಟ್ಟಿ ಮಾಡಿದ ಒಂದು ಗವಿಯಂಥಾ ಜಾಗಾ ಇತ್ತು. ಛತ್ತು ಗಿಡ್ಡ. ನಾವಿಬ್ಬರೂ ಒಳಗ ಕೂತಿದ್ವಿ. ಹೊರಗ ಶೆಲ್ ಬೀಳ್ಲಿಕತ್ತಿದ್ವು. ಸೆಟ್ಟಿನಾಗ ಮಾತು ಸರಿಯಾಗಿ ಬರಲಿಲ್ಲ. ಏರಿಯಲ್ ತಾರು ಕಡದದ, ನೀವು ಕುಂದ್ರಿ ಸಾಬ್, ನಾ ನೋಡಿ ಬರ್ತೀನಿ ಅಂತ ಅವ ಎದ್ದ." ಅಣ್ಣನ ದನಿ ಅಲ್ಲಿ ತಡವರಿಸಿತು. "ನಾನೇ ಅವನ ಹೆಗಲು ಹಿಡದು ಒತ್ತಿದೆ. ನೀ ಕೂಡು, ನಾ ನೋಡ್ತೀನಿ ಅಂದೆ. ಅವನ್ನ ಕೂಡಿಸಿ ನಾ ಹೊರಗ ಬಂದೆ. ನಾಕು ಹೆಜ್ಜಿ ಬಂದಿರಬೇಕು. ಗುಡ್ಡದ ಮಗ್ಗಲೇ ಜರದು ಅದರ ಮ್ಯಾಲ ಬಿತ್ತು."

ಅಣ್ಣ ಕಂಬವನ್ನು ಹಿಡಿದುಕೊಂಡ.

"ಅಗದ್ವಿ ಅವ್ವಾ. ಶೆಲ್ ಬೀಳ್ತಿದ್ರೂ ಅಗದ್ವಿ. ಇನ್ನಿಬ್ಬರು ಗಾಯ ಆದ್ರು. ಆಮ್ಯಾಲ ಮುಂದ ಹೋಗಬೇಕಾಗಿತ್ತು. ಸಾಕು ಬಿಡ್ರಿ ಅಂತ ಹುಕುಂ ಕೊಟ್ಟವನೂ ನಾನೇ. ಯುದ್ಧ ಮುಗದ ಮ್ಯಾಲ ಹೋಗಿ ನೋಡಿದ್ರ ಆ ಜಾಗಾನೇ ಗುರುತು ಸಿಗಲಿಲ್ಲ."

ಇಷ್ಟು ವರ್ಷ ಈ ಮನುಷ್ಯ ಯಾಕೆ ಕೂರಲಿಲ್ಲ ಎಂದು ನನಗೆ ಆಗ ತಿಳಿಯಿತು. ಎದ್ದವನು ಉಳಿದ, ಕುಳಿತವನು ಹೋದ. ನಾನು ತಂಗಿಯಾಗಿ ದಿನವೂ ಅವನನ್ನು ಅಣಕಿಸುತ್ತ ಬಂದಿದ್ದೆ.

ಸೂಗಮ್ಮ ಮೊರ ಪಕ್ಕಕ್ಕಿಟ್ಟಳು. "ಕುಂತಿದ್ನಾ?" ಎಂದಳು.

ಅಣ್ಣನಿಗೆ ತಿಳಿಯಲಿಲ್ಲ. ಕೇಳದ ಕಿವಿ ಅವಳ ಕಡೆಗಿತ್ತು ಎಂದುಕೊಂಡು ನಾನೇ ಜೋರಾಗಿ ಹೇಳಿದೆ. "ಮಣ್ಣು ಬಿದ್ದಾಗ ಕೂತಿದ್ನೇನು ಅಂತ ಕೇಳ್ಲಿಕತ್ತಾರ."

"ಹೌದವ್ವ, ಕೂತಿದ್ದ."

"ಕೊಳ್ಳಾಗ ಲಿಂಗ ಇತ್ತಾ?"

"ಇತ್ತು. ಸೆಟ್ಟು ಹಚ್ಚೋ ಮುಂಚೆ ದಿನಾ ಕಣ್ಣಿಗೊತ್ತಿಕೊಳ್ತಿದ್ದ."

"ಒಂದು ಸಲ ಸುಳ್ಳು ಹೇಳೀರಿ ನೀವು. ಇದೂ ಸುಳ್ಳಲ್ಲಂತ ನಾ ಹ್ಯಾಂಗ ನಂಬಲಿ?" ಅವಳ ದನಿ ಗಡುಸಾಯಿತು. "ತೋರಸ್ರಿ. ಹ್ಯಾಂಗ ಕುಂತಿದ್ದ, ತೋರಸ್ರಿ ನನಗ."

ಅಣ್ಣ ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, ನೆಲಕ್ಕೆ ಕೈಯೂರಿ, ಮೆಲ್ಲಗೆ ಕುಳಿತ. ಎಪ್ಪತ್ತರ ಅಂಚಿನ ಮೊಳಕಾಲು ಲಟಲಟ ಅಂದಿತು. ಎಡಗಾಲು ಮಡಚಿದ. ಬಲಮೊಳಕಾಲು ಮೇಲಕ್ಕೆತ್ತಿ, ಅದನ್ನು ಒಂದು ಕೈಯಿಂದ ಸುತ್ತಿ ಹಿಡಿದು, ಗದ್ದವನ್ನು ಅದರ ಮೇಲಿಟ್ಟ. ಇನ್ನೊಂದು ಕೈ ಕಿವಿಯ ಮೇಲೆ, ರೇಡಿಯೋದ ಮಾತು ಕೇಳುವವರ ಹಾಗೆ. ಅದು ನನ್ನ ಅಣ್ಣ ಕೂರುವ ರೀತಿಯಲ್ಲ. ನಮ್ಮ ಮನೆಯಲ್ಲಿ ಯಾರೂ ಹಾಗೆ ಕೂರುವುದಿಲ್ಲ.

ಸೂಗಮ್ಮ ಬಗ್ಗಿ ನೋಡಿದಳು.

"ಥೂ ಇವನ," ಎಂದಳು. "ಅಲ್ಲೀನೂ ಮೊಳಕಾಲ ಎತ್ತೇ ಕುಂತಾನಲ್ಲ. ಪೂಜಾಕ್ಕ ಕುಂತ್ರೂ ಹಂಗೇ, ಉಣ್ಲಾಕ ಕುಂತ್ರೂ ಹಂಗೇ. ಹೊಡದು ಹೊಡದು ನನ್ನ ಕೈ ಬಿತ್ತು. ಕಾಲು ಮಡಚಲಿಲ್ಲ."

ಈಗ ಅವಳು ಅತ್ತಳು. ಪೆಟ್ಟಿಗೆ ಬಂದ ದಿನ ಅಳದಿದ್ದವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಸ್ವಲ್ಪ ಹೊತ್ತಿನ ಮೇಲೆ ಅಯ್ಯನವರ ಕಡೆ ತಿರುಗಿ, "ಮೊಳಕಾಲ ಎತ್ತಿದ್ರ ನಡೀತದೇನ್ರಿ ಅಪ್ಪಾರೆ?" ಎಂದು ಕೇಳಿದಳು. ಸಣ್ಣ ಹುಡುಗಿ ಕೇಳಿದ ಹಾಗೆ ಕೇಳಿದಳು.

"ಕುಂತ್ರ ಕುಂತಂಗೇ ಸೂಗವ್ವ," ಎಂದರು ರೇವಣಸಿದ್ದಯ್ಯ. "ಲಿಂಗನೂ ಮೈಮ್ಯಾಲಿತ್ತು. ಇನ್ನೇನು ಬೇಕು."

ನಮ್ಮ ಅಣ್ಣ ತಪ್ಪಿದ್ದು ಎಲ್ಲಿ ಎಂದು ನಾನು ಅಲ್ಲಿ ಕುಳಿತೇ ತಿಳಿದುಕೊಂಡೆ. ನಾವು ಸುಡುವ ಮಂದಿ. ನಮಗೆ ಹಿಡಿ ಬೂದಿಯಾದರೂ ಕೈಗೆ ಸಿಗಬೇಕು, ಹೊಳೆಗೆ ಬಿಡಬೇಕು. ಕೈಗೆ ಏನೂ ಸಿಗದಿದ್ದರೆ ಅದಕ್ಕಿಂತ ದೊಡ್ಡ ಸಂಕಟವಿಲ್ಲ. ಅದನ್ನೇ ಅವನು ಅವಳಿಗೂ ಅಳೆದು, ಕೈಗೆ ಸಿಗಲೆಂದು ಕಲ್ಲು ಕಳಿಸಿದ. ಅವಳಿಗೆ ಮಗ ದೂರದ ಬೆಟ್ಟದಲ್ಲಿದ್ದರೂ ನಡೆಯುತ್ತಿತ್ತು, ಕೂತಿದ್ದರೆ ಸಾಕಿತ್ತು. ಕೂತೇ ಇದ್ದ. ಒಂದು ಮಾತಿನಲ್ಲಿ ಮುಗಿಯಬಹುದಾದದ್ದಕ್ಕೆ ಇಬ್ಬರ ಅರ್ಧ ಆಯುಷ್ಯ ಹೋಯಿತು.

ಅಣ್ಣ ಕೈಯೂರಿ ಏಳಲು ಹೋದ. ಸೂಗಮ್ಮ ತೆವಳಿಕೊಂಡೇ ಮುಂದೆ ಬಂದು ಅವನ ಹೆಗಲಿನ ಮೇಲೆ ಕೈಯಿಟ್ಟು ಒತ್ತಿದಳು.

"ಸುಳ್ಳು ಹೇಳಿದ್ದು ನಾ ಮರಿಯಂಗಿಲ್ಲ ಸಾಬ್," ಎಂದಳು. "ಆದ್ರ ನನ್ನ ಮಗನ್ನ ನೀವೇ ಕೂಡಸೀರಿ. ಏಳಬ್ಯಾಡ್ರಿ. ಕುಂದ್ರಿ."

ಕಿಸೆಯಲ್ಲಿ ಅವನ ಫೋನು ರಿಂಗಾಯಿತು, ನಿಂತಿತು, ಮತ್ತೆ ರಿಂಗಾಯಿತು. ಅವನು ಅದನ್ನು ತೆಗೆಯಲಿಲ್ಲ. ಸೂಗಮ್ಮ ಒಳಗೆ ಹೋದಳು, ರೊಟ್ಟಿ ಬಡಿಯುವ ಸಪ್ಪಳ ಕೇಳಿಬಂತು. ನನ್ನ ಅಣ್ಣ ಮೊಳಕಾಲು ಎತ್ತಿಕೊಂಡು, ಗದ್ದ ಅದರ ಮೇಲಿಟ್ಟುಕೊಂಡು, ರೊಟ್ಟಿ ಬರುವತನಕ ಹಾಗೆಯೇ ಕುಳಿತಿದ್ದ.